ಮರಿಯಳ ಕೈಯ ಪುಸ್ತಕ, ತಲೆಕೆಳಗಾದ ಅಕ್ಷರ: ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮಾನ್ಯರೇ, ಕಳೆದ ಬೇಸಿಗೆ ರಜೆಯಲ್ಲಿ 11 ವರ್ಷದ ಮಗಳನ್ನು ಕರೆದುಕೊಂಡು ಇಟಲಿಯ ಫ್ಲಾರೆನ್ಸಿಗೆ ಹೋಗಿದ್ದೆ. ಯೇಸುವಿಗೆ ತಾಯಿಯಾಗುವೆಯೆಂಬ ಮಂಗಳವಾರ್ತೆಯನ್ನು ದೇವದೂತನು ಮರಿಯಳಿಗೆ ತಿಳಿಸುವ ಚಿತ್ರಗಳನ್ನು ಅಲ್ಲಿ ಸಾಲುಸಾಲಾಗಿ ನೋಡಿದೆವು. ಹೆಚ್ಚುಕಡಿಮೆ ಎಲ್ಲದರಲ್ಲೂ ಮರಿಯಳ ಬಳಿ ಒಂದು ಪುಸ್ತಕವಿತ್ತು. ಊರಿಗೆ ಮರಳಿ ಲೂಕನ ಸುವಾರ್ತೆಯನ್ನು ತೆರೆದು ನೋಡಿದರೆ ಅಲ್ಲಿ ಪುಸ್ತಕದ ಮಾತೇ ಇಲ್ಲ. ನಮಗೆ ಚಿತ್ರಗಳನ್ನು ತೋರಿಸಿದ ಮಾರ್ಗದರ್ಶಿಯು ಈ ಬರಹಗಳೆಲ್ಲ ಗುಪ್ತ ಸಂದೇಶಗಳೆಂದೂ, ತಲೆಕೆಳಗಾಗಿ ಬರೆದ ಸಾಲುಗಳು ಮತ್ತು ಅರಬ್ಬಿಯಂತೆ ಕಾಣುವ ಅಕ್ಷರಗಳು ಚರ್ಚಿಗೆ ಹೆದರಿ ಕಲಾವಿದರು ಅಡಗಿಸಿಟ್ಟ ಮಾತುಗಳೆಂದೂ ಹೇಳಿದರು. ಚಿತ್ರಕಲೆ ಬಲ್ಲ ಸ್ನೇಹಿತರೊಬ್ಬರು ಅದನ್ನು ತಳ್ಳಿಹಾಕಿ, ಪುಸ್ತಕ ಬರೀ ಅಲಂಕಾರ ಎಂದರು. ಮುಂದಿನ ತಿಂಗಳು ನಮ್ಮ ಓದುಗರ ಬಳಗದಲ್ಲಿ ಈ ಚಿತ್ರಗಳ ಬಗ್ಗೆ ನಾನು ಮಾತನಾಡಬೇಕಾಗಿದೆ. ತಪ್ಪು ಹೇಳಿಬಿಡುತ್ತೇನೆಂಬ ಅಳುಕು ಇದೆ. ನಮ್ಮ ಶಾರದೆಯ ಕೈಯ ಪುಸ್ತಕದಂತೆಯೇ ಇದೂ ಎಂದು ಹೇಳಬಹುದೆ? ಇನ್ನೊಂದು: ಅಲ್ಲಿದ್ದಾಗ ಮಗಳು, ‘ಅಮ್ಮಾ, ಅವಳು ಯಾವ ಪುಟ ಓದುತ್ತಿದ್ದಾಳೆ?’ ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಹಿಂದಿನ ಅಳುಕು ಒಂದೇ ಎಂದು ನನಗೆ ತೋರುತ್ತದೆ. ಚಿತ್ರದೊಳಗೆ ಅಕ್ಷರ ಕಂಡಾಗ ಅದನ್ನು ಓದಬೇಕೋ, ಒಗಟೆಂದು ತಿಳಿದು ಬಿಡಿಸಬೇಕೋ, ಸೀರೆಯ ಅಂಚನ್ನು ನೋಡುವಂತೆ ನೋಡಿ ಮುಂದೆ ಹೋಗಬೇಕೋ ಎಂಬುದು ನಿಮಗೆ ಗೊತ್ತಾಗುತ್ತಿಲ್ಲ. ನಿಮ್ಮ ಮಾರ್ಗದರ್ಶಿ ಹೇಳಿದ್ದೂ ನಿಮ್ಮ ಸ್ನೇಹಿತರು ಹೇಳಿದ್ದೂ ಒಂದೊಂದು ಚಿತ್ರದ ಮಟ್ಟಿಗೆ ಅರ್ಧ ನಿಜವಾಗಬಹುದು. ಎಲ್ಲ ಚಿತ್ರಗಳಿಗೂ ಅನ್ವಯಿಸಿದರೆ ಎರಡೂ ತಪ್ಪು. ಯುರೋಪಿನ ಪುನರುಜ್ಜೀವನ ಕಾಲದ ಚಿತ್ರಕಲೆಯನ್ನು ಮೂವತ್ತು ವರ್ಷಗಳಿಂದ ಕಲಿಸುತ್ತಿರುವ ನಾನು ಇಂಥ ಚಿತ್ರದ ಮುಂದೆ ನಿಂತ ವಿದ್ಯಾರ್ಥಿಗಳನ್ನು ಮೊದಲು ಕೇಳುವುದು ‘ಇದರ ಅರ್ಥವೇನು’ ಎಂದಲ್ಲ. ‘ಈ ಅಕ್ಷರ ಯಾರ ಕಡೆಗೆ ಮುಖಮಾಡಿದೆ’ ಎಂದು ಕೇಳುತ್ತೇನೆ. ನಿಮ್ಮ ಪ್ರಶ್ನೆಗಳಲ್ಲಿ ಬಹುಪಾಲನ್ನು ಈ ಒಂದು ಪ್ರಶ್ನೆಯೇ ಬಿಡಿಸುತ್ತದೆ.

ಮೊದಲು ಪುಸ್ತಕದ ವಿಷಯ. ನೀವು ಗಮನಿಸಿದ್ದು ಸರಿ. ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ದೇವದೂತ ಗಬ್ರಿಯೇಲನು ಬಂದಾಗ ಮರಿಯಳು ಏನು ಮಾಡುತ್ತಿದ್ದಳೆಂಬ ವಿವರ ಇಲ್ಲ. ಆ ಖಾಲಿ ಜಾಗವನ್ನು ಮೊದಲು ತುಂಬಿದ್ದು ಬೈಬಲಿನ ಹೊರಗೆ ಉಳಿದ ಹಳೆಯ ಕಥೆಗಳು. ಯಾಕೋಬನ ಹೆಸರಿನಲ್ಲಿರುವ ಅಂಥದೊಂದು ಗ್ರಂಥದ ಪ್ರಕಾರ ಅವಳು ದೇವಾಲಯದ ತೆರೆಗಾಗಿ ಕೆನ್ನೀಲಿ ಮತ್ತು ಕಡುಗೆಂಪು ನೂಲನ್ನು ನೂಲುತ್ತಿದ್ದಳು. ಪೂರ್ವದ ಬೈಜಾಂಟಿಯಂ ಪರಂಪರೆಯ ಚಿತ್ರಕಾರರು ಈ ಕಥೆಯನ್ನೇ ಹಿಡಿದರು. ಅವರ ಮರಿಯಳ ಕೈಯಲ್ಲಿ ಕದಿರು ಮತ್ತು ನೂಲು ಇರುತ್ತವೆ. ಪಶ್ಚಿಮ ಯುರೋಪಿನಲ್ಲಿ ಮಾತ್ರ ಕದಿರು ನಿಧಾನವಾಗಿ ಕೆಳಗಿಳಿದು ಪುಸ್ತಕ ಮೇಲೆ ಬಂತು. 10ನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಿಷಪ್ ಏಥೆಲ್‌ವೋಲ್ಡ್ ಬರೆಯಿಸಿದ ಆಶೀರ್ವಚನಗಳ ಹಸ್ತಪ್ರತಿಯಲ್ಲಿ ಆಗಲೇ ಮರಿಯಳ ಮುಂದೆ ಪುಸ್ತಕವಿದೆ. 14ನೆಯ ಶತಮಾನ ಬರುವಷ್ಟರಲ್ಲಿ ಅದು ರೂಢಿಯಾಯಿತು.

ಈ ಬದಲಾವಣೆಗೆ ಎರಡು ಕಾರಣಗಳಿವೆ. ಒಂದು ಸಿದ್ಧಾಂತದ್ದು, ಇನ್ನೊಂದು ಮನೆಯೊಳಗಿನದು. ಯೋಹಾನನ ಸುವಾರ್ತೆಯ ಆರಂಭದಲ್ಲಿ ದೇವರನ್ನು ಹೆಸರಿಸಲು ಬಳಸಿರುವ ಗ್ರೀಕ್ ಶಬ್ದವನ್ನು ಕನ್ನಡ ಬೈಬಲ್ ‘ವಾಕ್ಯ’ ಎಂದು ಅನುವಾದಿಸಿದೆ: ಆದಿಯಲ್ಲಿ ವಾಕ್ಯವಿತ್ತು, ಆ ವಾಕ್ಯವೇ ಮನುಷ್ಯ ದೇಹ ತಾಳಿತು. ಕ್ರೈಸ್ತ ನಂಬಿಕೆಯಲ್ಲಿ ವಾಕ್ಯವು ದೇಹವಾದ ಕ್ಷಣವೇ ಈ ಮಂಗಳವಾರ್ತೆಯ ಕ್ಷಣ. ಅದನ್ನು ಬಣ್ಣದಲ್ಲಿ ಕಾಣಿಸಬೇಕಾದ ಚಿತ್ರಕಾರನಿಗೆ ಎದುರಾಗುವ ಕಷ್ಟವನ್ನು ಯೋಚಿಸಿ ನೋಡಿ. ಗರ್ಭ ಕಣ್ಣಿಗೆ ಕಾಣುವುದಿಲ್ಲ, ವಾಕ್ಯವೂ ಕಾಣುವುದಿಲ್ಲ. ಹೆಂಗಸಿನ ಒಡಲ ಬಳಿ ತೆರೆದ ಪುಸ್ತಕವೊಂದನ್ನು ಇಟ್ಟರೆ ಎರಡನ್ನೂ ಒಟ್ಟಿಗೆ ಹೇಳಿದಂತಾಗುತ್ತದೆ. ಅವಳು ಓದುತ್ತಿದ್ದದ್ದು ಯೇಸುವಿಗಿಂತ ಹಿಂದಿನ ಪ್ರವಾದಿ ಯೆಶಾಯನ ಪ್ರವಾದನೆ ಎಂಬ ವ್ಯಾಖ್ಯಾನವೂ ಬಹಳ ಹಳೆಯದು. ಅದನ್ನು ನಿಮ್ಮ ಮಗಳ ಪ್ರಶ್ನೆಗಾಗಿ ಕೊನೆಗೆ ಉಳಿಸಿಕೊಳ್ಳುತ್ತೇನೆ.

ಎರಡನೆಯ ಕಾರಣ ನನ್ನ ಮಟ್ಟಿಗೆ ಹೆಚ್ಚು ಹೃದ್ಯವಾದದ್ದು. 14 ಮತ್ತು 15ನೆಯ ಶತಮಾನಗಳಲ್ಲಿ ಉಳ್ಳವರ ಮನೆಯ ಹೆಂಗಸರು ದಿನದ ನಿಗದಿತ ಹೊತ್ತುಗಳಲ್ಲಿ ಓದುವ ಪ್ರಾರ್ಥನಾ ಪುಸ್ತಕವೊಂದಿತ್ತು. ಚರ್ಮದ ಹಾಳೆಯ ಮೇಲೆ ಕೈಯಲ್ಲಿ ಬರೆದು, ಚಿತ್ರ ತುಂಬಿ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಕಟ್ಟಿದ ಇದನ್ನು ‘ಹೊತ್ತುಗಳ ಪುಸ್ತಕ’ ಎನ್ನೋಣ. ಅದರ ಮುಖ್ಯ ಭಾಗ ಮರಿಯಳ ಪ್ರಾರ್ಥನೆಗಳು. ಅವುಗಳಲ್ಲಿ ಮೊದಲನೆಯ ಹೊತ್ತಿನ ಪುಟಕ್ಕೆ ಸಾಮಾನ್ಯವಾಗಿ ಹಾಕುತ್ತಿದ್ದ ಚಿತ್ರ ಈ ಮಂಗಳವಾರ್ತೆಯದೇ. ಹೀಗೆ ಬೆಳಿಗ್ಗೆ ಪುಸ್ತಕ ತೆರೆದ ಗೃಹಿಣಿಗೆ ಪುಸ್ತಕ ತೆರೆದು ಕುಳಿತ ಮರಿಯಳೇ ಎದುರಾಗುತ್ತಿದ್ದಳು. ಮರಿಯಳ ತಾಯಿ ಅನ್ನಳು ಮಗಳಿಗೆ ಓದು ಕಲಿಸುವ ಚಿತ್ರಗಳೂ ಈ ಅವಧಿಯಲ್ಲೇ ಹರಡಿದವು. ಒಂದನೆಯ ಶತಮಾನದ ನಜರೇತಿನ ಹುಡುಗಿಯೊಬ್ಬಳು ಹೀಗೆ ಕಟ್ಟಿದ ಪುಸ್ತಕವನ್ನು ಹಿಡಿದಿರಲು ಸಾಧ್ಯವಿರಲಿಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪ ಇತಿಹಾಸದ ಮಟ್ಟಿಗೆ ಸರಿ. ಆದರೆ ಫ್ಲಾರೆನ್ಸಿನ ಓನ್ಯಿಸಾಂತಿ ಚರ್ಚಿನಲ್ಲಿ 1480ರಲ್ಲಿ ಗಿರ್ಲಾಂದಾಯೋ ಬರೆದ ಸಂತ ಜೆರೋಮನ ಮೇಜಿಗೆ ಕನ್ನಡಕವೂ ತೂಗುಬಿದ್ದಿದೆ. ಜೆರೋಮನು ತೀರಿಕೊಂಡದ್ದು 420ರಲ್ಲಿ, ಕನ್ನಡಕ ಬಂದದ್ದು 13ನೆಯ ಶತಮಾನದ ಕೊನೆಗೆ. ಅಂದಿನ ಚಿತ್ರಕಾರರು ಪವಿತ್ರ ಕಥೆಯನ್ನು ತಮ್ಮ ಪಕ್ಕದ ಮನೆಯಲ್ಲಿ ನಡೆದಂತೆ ಬರೆದರು, ನೋಡುವವರು ಬಯಸಿದ್ದೂ ಅದನ್ನೇ.

ಇಲ್ಲಿಯೇ ಶಾರದೆಯ ಮಾತನ್ನು ಮುಗಿಸಿಬಿಡುತ್ತೇನೆ. ನಿಮ್ಮ ಬಳಗದವರಿಗೆ ಹೋಲಿಕೆ ತಟ್ಟನೆ ಹಿಡಿಸುತ್ತದೆ ಎಂಬುದು ನಿಜ, ಅದರಿಂದಲೇ ಅಪಾಯವೂ ಇದೆ. ಶಾರದೆಯು ವಿದ್ಯೆಯ ಅಧಿದೇವತೆ, ಪುಸ್ತಕ ಅವಳ ಲಾಂಛನ. ವೀಣೆ, ಜಪಮಾಲೆಗಳಂತೆ ಅದು ಅವಳದೇ ಸ್ವತ್ತು. ಮರಿಯಳು ವಿದ್ಯೆಯ ದೇವತೆಯಲ್ಲ. ಅವಳು ಓದುವವಳು, ಮತ್ತೊಬ್ಬರ ಮಾತಿಗೆ ಕಿವಿಗೊಟ್ಟವಳು. ಶಾರದೆಯ ಪುಸ್ತಕಕ್ಕೆ ನಿಜವಾಗಿ ಸಮೀಪವಾದದ್ದು ಸಂತರ ಕೈಯ ಪುಸ್ತಕ: ಖಡ್ಗದ ಜೊತೆ ಪುಸ್ತಕ ಹಿಡಿದವನು ಪೌಲ, ಲಿಲ್ಲಿ ಹೂವಿನ ಜೊತೆ ಹಿಡಿದವನು ಡೊಮಿನಿಕ್ ಎಂಬಂತೆ ಅದು ಗುರುತಿನ ಚಿಹ್ನೆ. ಹೋಲಿಸಲೇಬೇಕೆಂದಿದ್ದರೆ ಅಲ್ಲಿ ಹೋಲಿಸಿ.

ಈಗ ತಲೆಕೆಳಗಾದ ಬರಹ. ನೆದರ್‌ಲ್ಯಾಂಡ್ಸ್ ಸೀಮೆಯ ಚಿತ್ರಕಾರ ಯಾನ್ ವಾನ್ ಐಕ್ 1430ರ ದಶಕದಲ್ಲಿ ಬರೆದ ಮಂಗಳವಾರ್ತೆಯ ಚಿತ್ರವೊಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿದೆ. ಗಬ್ರಿಯೇಲನ ಬಾಯಿಂದ ‘ಆವೇ ಗ್ರಾತ್ಸಿಯಾ ಪ್ಲೇನಾ’, ಅಂದರೆ ‘ಕೃಪಾಪೂರ್ಣಳೇ, ನಮಸ್ಕಾರ’ ಎಂಬ ಚಿನ್ನದ ಅಕ್ಷರಗಳು ಎಡದಿಂದ ಬಲಕ್ಕೆ ಹೊರಟಿವೆ. ಮರಿಯಳ ಉತ್ತರ ‘ಎಕ್ಕೇ ಆಂಚಿಲ್ಲಾ ದೋಮಿನಿ’, ‘ಇಗೋ, ನಾನು ಕರ್ತನ ದಾಸಿ’ ಎಂಬುದು ತಲೆಕೆಳಗಾಗಿದೆ. ಗೆಂಟ್ ನಗರದ ದೊಡ್ಡ ಪೀಠಚಿತ್ರದ (ಚರ್ಚಿನ ಬಲಿಪೀಠಕ್ಕಾಗಿ ಮಾಡುವ ಚಿತ್ರ) ಹೊರಬಾಗಿಲಿನ ಮೇಲೂ 1432ರಲ್ಲಿ ಹೀಗೆಯೇ ಬರೆಯಲಾಗಿದೆ. ಅದೇ ಹೊತ್ತಿಗೆ ಆಲ್ಪ್ಸ್ ಪರ್ವತದ ಈಚೆ, ಇಟಲಿಯ ಕೊರ್ತೋನಾ ಪಟ್ಟಣದ ಚಿತ್ರದಲ್ಲಿ ಫ್ರಾ ಆಂಜೆಲಿಕೋ ಕೂಡ ದೇವದೂತನ ಮಾತಿನ ಎರಡು ಸಾಲುಗಳ ನಡುವೆ ಮರಿಯಳ ಮಾತನ್ನು ತಲೆಕೆಳಗಾಗಿಸಿ ಇಟ್ಟ. ಇದರಲ್ಲಿ ಗುಟ್ಟೇನೂ ಇಲ್ಲ. ಬಲಗಡೆ ಇರುವ ಮರಿಯಳ ಮಾತು ಎಡಗಡೆಗೆ ಹೋಗಬೇಕು. ಅದನ್ನು ನೇರವಾಗಿ ಬರೆದರೆ ಮೊದಲ ಅಕ್ಷರ ದೇವದೂತನ ಬಾಯ ಬಳಿ, ಕೊನೆಯ ಅಕ್ಷರ ಅವಳ ಬಾಯ ಬಳಿ ಬಂದು, ಅವಳ ಮಾತು ಅವನದೆಂಬಂತೆ ತೋರುತ್ತದೆ. ಇಡೀ ಸಾಲನ್ನು ಅರ್ಧ ಸುತ್ತು ತಿರುಗಿಸಿದರೆ ಮೊದಲ ಅಕ್ಷರ ಅವಳ ತುಟಿಯಿಂದಲೇ ಹೊರಡುತ್ತದೆ. ಹಾಗೆ ತಿರುಗಿಸಿದಾಗ ಅದನ್ನು ಸಲೀಸಾಗಿ ಓದಬಲ್ಲವನು ಯಾರು? ಮೇಲಿನಿಂದ ನೋಡುವವನು. ಅವಳು ಉತ್ತರ ಕೊಡುತ್ತಿರುವುದು ದೇವರಿಗೆ. ಎದುರಿಗೆ ನಿಂತ ನಮಗಲ್ಲ, ಒಂದರ್ಥದಲ್ಲಿ ದೇವದೂತನಿಗೂ ಅಲ್ಲ. ಕುಂಚದ ತೊಡಕಿಗೂ ನಂಬಿಕೆಯ ತಿರುಳಿಗೂ ಇಷ್ಟು ಅಚ್ಚುಕಟ್ಟಾಗಿ ಒಂದೇ ಉಪಾಯ ಒದಗಿದ ಬೇರೆ ಉದಾಹರಣೆ ನನಗೆ ತಿಳಿದಿಲ್ಲ, ಪ್ರತಿ ವರ್ಷ ಪಾಠದಲ್ಲಿ ಅಲ್ಲಿಗೆ ಬಂದಾಗ ಹೊಸದಾಗಿ ಸಂತೋಷವಾಗುತ್ತದೆ.

‘ಚರ್ಚಿಗೆ ಹೆದರಿ’ ಎಂಬ ಮಾತನ್ನು ಈಗ ಪರಿಶೀಲಿಸಿ. ಈ ಚಿತ್ರಗಳನ್ನು ಮಾಡಿಸಿದ್ದು ಚರ್ಚುಗಳು, ಮಠಗಳು, ಭಕ್ತ ಸಂಘಗಳು, ಶ್ರೀಮಂತ ದಾನಿಗಳು. ಬರೆಯಬೇಕಾದ ವಿಷಯ ಮೊದಲೇ ಒಪ್ಪಂದವಾಗುತ್ತಿತ್ತು. ಫ್ರಾ ಆಂಜೆಲಿಕೋ ಸ್ವತಃ ಡೊಮಿನಿಕನ್ ಸನ್ಯಾಸಿ. ಅವನು ತನ್ನ ಮಠದಿಂದ ಏನನ್ನು ಅಡಗಿಸಬೇಕಿತ್ತು? ನೀವು ಫ್ಲಾರೆನ್ಸಿನ ಉಫೀಜಿ ಸಂಗ್ರಹಾಲಯದಲ್ಲಿ ನೋಡಿರಬಹುದಾದ ಸಿಮೋನೆ ಮಾರ್ತೀನಿ ಮತ್ತು ಲಿಪ್ಪೋ ಮೆಮ್ಮಿಯರ 1333ರ ಚಿತ್ರ ಸಿಯೆನಾ ನಗರದ ಪ್ರಧಾನ ಚರ್ಚಿಗಾಗಿಯೇ ಮಾಡಿದ್ದು. ಅದರಲ್ಲಿ ದೇವದೂತನ ನಮಸ್ಕಾರವನ್ನು ಸುಣ್ಣದ ಗಾರೆಯಂಥ ಲೇಪದಿಂದ ಉಬ್ಬಾಗಿ ಎಬ್ಬಿಸಿ ಚಿನ್ನ ಹಚ್ಚಲಾಗಿದೆ. ಮೇಣದ ಬತ್ತಿಯ ಬೆಳಕಿನಲ್ಲಿ ಹೊಳೆಯಲೆಂದು ಮಾಡಿದ ಅಕ್ಷರವನ್ನು ಅಡಗಿಸಿಟ್ಟ ಅಕ್ಷರ ಎನ್ನುವುದು ಹೇಗೆ? ಆ ಚಿತ್ರದಲ್ಲಿ ಮರಿಯಳು ಹಿಂದಕ್ಕೆ ಸರಿಯುತ್ತಿದ್ದಾಳೆ, ಆದರೆ ಪುಸ್ತಕದೊಳಗೆ ಹೆಬ್ಬೆರಳು ಇಟ್ಟುಕೊಂಡಿದ್ದಾಳೆ. ಓದು ನಿಂತ ಜಾಗ ತಪ್ಪಬಾರದಲ್ಲ. ಬಾಗಿಲಲ್ಲಿ ಯಾರೋ ಬಂದಾಗ ನಾವೂ ನೀವೂ ಹಾಗೆಯೇ ಬೆರಳಿಟ್ಟುಕೊಳ್ಳುತ್ತೇವೆ.

ಇಷ್ಟಾದರೂ ಒಂದು ನ್ಯಾಯವಾದ ಸಂದೇಹ ಉಳಿಯುತ್ತದೆ: ಅಂದಿನ ಬಹುಪಾಲು ಜನಕ್ಕೆ ಲ್ಯಾಟಿನ್ ಬಾರದು, ಎಷ್ಟೋ ಮಂದಿಗೆ ಓದೇ ಬಾರದು, ಹಾಗಿದ್ದ ಮೇಲೆ ಅಕ್ಷರ ಯಾರಿಗಾಗಿ? 600ರ ಸುಮಾರಿಗೆ ಪೋಪ್ ಮಹಾ ಗ್ರೆಗೊರಿಯು ಮಾರ್ಸೇಯ್ ನಗರದ ಬಿಷಪನಿಗೆ ಬರೆದ ಪತ್ರದಲ್ಲಿ, ಓದುಬಲ್ಲವರಿಗೆ ಬರಹ ಒದಗಿಸುವುದನ್ನು ಓದಲಾರದವರಿಗೆ ಚಿತ್ರ ಒದಗಿಸುತ್ತದೆ ಎಂದ. ಇದನ್ನೇ ಹಿಡಿದು ಚಿತ್ರ ಅನಕ್ಷರಸ್ಥರ ಬೈಬಲ್ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ‘ಆವೇ’ ಎಂಬ ನಮಸ್ಕಾರ ಪ್ರತಿಯೊಬ್ಬ ಭಕ್ತನಿಗೂ ಬಾಯಿಪಾಠವಾಗಿತ್ತು. ಓದಲು ಬಾರದವನೂ ಚಿನ್ನದ ಸಾಲನ್ನು ಕಂಡು ಅದೇನೆಂದು ಬಲ್ಲ. ಅವನು ಓದುತ್ತಿರಲಿಲ್ಲ, ಗುರುತಿಸುತ್ತಿದ್ದ. ಓದುಬಲ್ಲ ಸನ್ಯಾಸಿಗಳಿಗೆ ಬರೆದ ಸಾಲುಗಳು ಬೇರೆ ಬಗೆಯವು. ಫ್ಲಾರೆನ್ಸಿನ ಸಾನ್ ಮಾರ್ಕೋ ಮಠದ ಮಹಡಿಯ ಮೆಟ್ಟಿಲು ಹತ್ತಿದೊಡನೆ ಎದುರಾಗುವ ಫ್ರಾ ಆಂಜೆಲಿಕೋನ ಮಂಗಳವಾರ್ತೆಯಲ್ಲಿ ಮರಿಯಳ ಬಳಿ ಪುಸ್ತಕವೇ ಇಲ್ಲ. ಅದರ ಬದಲು ಚಿತ್ರದ ಕೆಳಗೆ ಒಂದು ಸಾಲಿದೆ: ಕನ್ಯೆಯ ಈ ರೂಪದ ಮುಂದೆ ಹಾದುಹೋಗುವಾಗ ‘ಆವೇ’ ಹೇಳುವುದನ್ನು ಮರೆಯದಿರು ಎಂಬರ್ಥದ್ದು. ಈ ಅಕ್ಷರ ನೇರವಾಗಿ ನಡೆದು ಬರುವ ಸನ್ಯಾಸಿಯ ಕಡೆಗೆ ಮುಖಮಾಡಿದೆ. ಅಲ್ಲಿಂದ ಕೆಲವು ಹೆಜ್ಜೆ ಮುಂದೆ, 7ನೆಯ ಕೋಣೆಯಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿದ ಕ್ರಿಸ್ತನನ್ನು ಹೀಯಾಳಿಸುವ ಚಿತ್ರವಿದೆ. ಹೊಡೆಯುವ ಕೈಗಳು, ಉಗುಳುವ ಮುಖ ಗಾಳಿಯಲ್ಲಿ ತೇಲುತ್ತಿವೆ, ದೇಹಗಳಿಲ್ಲ. ಕೆಳಗೆ ಮೆಟ್ಟಿಲ ಮೇಲೆ ಕುಳಿತ ಸಂತ ಡೊಮಿನಿಕ್ ಅದರತ್ತ ತಲೆಯೆತ್ತಿಯೂ ನೋಡುವುದಿಲ್ಲ. ಮಡಿಲ ಪುಸ್ತಕದಲ್ಲಿ ಕಣ್ಣು ನೆಟ್ಟು, ಗಲ್ಲಕ್ಕೆ ಬೆರಳಿಟ್ಟು ಓದುತ್ತಿದ್ದಾನೆ. ಮೇಲೆ ಕಾಣುವುದು ಅವನು ಓದುತ್ತಿರುವುದರ ಫಲ ಎಂದು ಹೊಳೆಯಲು ನನಗೆ ಎರಡು ಭೇಟಿಗಳು ಬೇಕಾದವು. ಆ ಕೋಣೆಯಲ್ಲಿ ಮಲಗಿ ಏಳುತ್ತಿದ್ದ ಸನ್ಯಾಸಿಗೆ ಅದು ಹೇಗೆ ಓದಬೇಕೆಂಬ ಪಾಠವಾಗಿತ್ತು. ಮಗಳೊಂದಿಗೆ ಇನ್ನೊಮ್ಮೆ ಹೋದರೆ ಉಫೀಜಿಗಿಂತ ಮೊದಲು ಇಲ್ಲಿಗೆ ಹೋಗಿ.

ಅರಬ್ಬಿಯಂತೆ ಕಾಣುವ ಅಕ್ಷರಗಳ ಕಥೆ ಬೇರೆ. ಜೆಂತೀಲೆ ದಾ ಫಾಬ್ರಿಯಾನೋ 1423ರಲ್ಲಿ ಬರೆದ, ಮೂವರು ಜ್ಞಾನಿಗಳು ಶಿಶುವನ್ನು ವಂದಿಸುವ ಚಿತ್ರದಲ್ಲಿ ಮರಿಯಳ ಪ್ರಭಾವಳಿಯ ಸುತ್ತ ಇವು ಇವೆ. ಬಹುಪಾಲು ಕಡೆ ಇವು ಯಾವ ಭಾಷೆಯ ಪದಗಳೂ ಅಲ್ಲ, ಅಕ್ಷರದ ಆಕಾರಗಳಷ್ಟೇ. ಈಜಿಪ್ಟ್ ಮತ್ತು ಸಿರಿಯಾದಿಂದ ಇಟಲಿಗೆ ಬರುತ್ತಿದ್ದ ರೇಷ್ಮೆಯ ಅಂಚಿನಲ್ಲೂ ಹಿತ್ತಾಳೆಯ ತಟ್ಟೆಗಳ ಮೇಲೂ ಅರಬ್ಬಿ ಬರಹವಿರುತ್ತಿತ್ತು. ಆ ಬಟ್ಟೆ ದುಬಾರಿ, ಅದು ಬಂದದ್ದು ಕ್ರಿಸ್ತನು ನಡೆದಾಡಿದ ನಾಡಿನ ದಿಕ್ಕಿನಿಂದ. ಮರಿಯಳಿಗೆ ಅದಕ್ಕಿಂತ ಉಚಿತವಾದ ಉಡುಗೆ ಯಾವುದೆಂದು ಚಿತ್ರಕಾರರು ಭಾವಿಸಿದಂತಿದೆ. ಪವಿತ್ರ ನಾಡಿನ ಪ್ರಾಚೀನ ಲಿಪಿ ಇದೇ ಎಂದು ಅವರು ತಿಳಿದಿದ್ದರೆಂಬ ಅಭಿಪ್ರಾಯವೂ ವಿದ್ವಾಂಸರಲ್ಲಿದೆ. ಇದು ಯಾರ ಕಡೆಗೂ ಮುಖಮಾಡದ ಅಕ್ಷರ. ನಿಮ್ಮ ಸ್ನೇಹಿತರ ‘ಅಲಂಕಾರ’ ಎಂಬ ಮಾತು ಇಲ್ಲಿ ನಿಜಕ್ಕೆ ತೀರ ಹತ್ತಿರ ಬರುತ್ತದೆ, ಆದರೆ ‘ಬರೀ’ ಎಂಬುದನ್ನು ನಾನು ಒಪ್ಪುವುದಿಲ್ಲ. ಅರ್ಥ ತಿಳಿಯದ ಲಿಪಿಗೂ ಗೌರವ ಸಲ್ಲಿಸುವ ಒಂದು ಮನೋಭಾವ ಅಲ್ಲಿದೆ.

ನಿಮ್ಮ ಮಾರ್ಗದರ್ಶಿಗೂ ಒಂದು ಉದಾಹರಣೆ ಸಲ್ಲಬೇಕು. ಚಿತ್ರದೊಳಗೆ ಸಣ್ಣಕ್ಷರದಲ್ಲಿ ಅಡಗಿಸಿಟ್ಟ ಮಾತು ನಿಜವಾಗಿಯೂ ಒಂದು ಕಡೆ ಇದೆ. ಓನ್ಯಿಸಾಂತಿ ಚರ್ಚಿನಲ್ಲಿ, ಗಿರ್ಲಾಂದಾಯೋನ ಜೆರೋಮನಿಗೆ ಜೋಡಿಯಾಗಿ, 1480ರಲ್ಲಿ ಬೊತ್ತಿಚೆಲ್ಲಿ ಸಂತ ಆಗಸ್ಟೀನನನ್ನು ಬರೆದ. ಸಂತನ ತಲೆಯ ಮೇಲಿನ ಗೂಡಿನಲ್ಲಿ ರೇಖಾಗಣಿತದ ಪುಸ್ತಕವೊಂದು ತೆರೆದಿದೆ. ಅದರ ಸಾಲುಗಳು ಬರಿಯ ಗೀಚು. ನಡುವೆ ಮಾತ್ರ ಓದಬಲ್ಲ ಕೆಲವು ಇಟಾಲಿಯನ್ ವಾಕ್ಯಗಳಿವೆ: ‘ಫ್ರಾ ಮಾರ್ತೀನೋ ಎಲ್ಲಿ? ಓಡಿಹೋದ. ಎಲ್ಲಿಗೆ ಹೋದ? ಪ್ರಾತೋ ಬಾಗಿಲಿನಿಂದ ಆಚೆ.’ ಪ್ರಾತೋ ಬಾಗಿಲು ಆ ಚರ್ಚಿಗೆ ಹತ್ತಿರವಿರುವ ಊರಬಾಗಿಲು. ಮಠದ ಯಾವನೋ ಸನ್ಯಾಸಿಯ ಬಗ್ಗೆ ಆ ಮಠದವರೇ ನಗಲೆಂದು ಬರೆದದ್ದಿರಬೇಕು. ಗುಟ್ಟು ಹುಡುಕುವವರಿಗೆ ಸಿಕ್ಕ ನಿಜವಾದ ಗುಟ್ಟಿನಲ್ಲಿ ಧರ್ಮವಿರೋಧದ ಸೊಲ್ಲೂ ಇಲ್ಲ.

ಇನ್ನು ನಿಮ್ಮ ಉಪನ್ಯಾಸ. ನಿಮ್ಮ ಮುಂದೆ ಇರುವ ದಾರಿಗಳು ಕೆಲವು, ಪ್ರತಿಯೊಂದರಲ್ಲೂ ಎಡವುವ ಜಾಗ ಇದೆ. ಸುಲಭವಾದದ್ದು ಸಂಕೇತಗಳ ಕೋಶವನ್ನು ನೋಡಿ ಹೇಳುವುದು: ಸುರುಳಿ ಎಂದರೆ ಹಳೆಯ ಒಡಂಬಡಿಕೆಯ (ಬೈಬಲಿನಲ್ಲಿ ಯೇಸುವಿಗಿಂತ ಹಿಂದಿನ ಭಾಗ) ಪ್ರವಾದಿ, ಕಟ್ಟಿದ ಪುಸ್ತಕವೆಂದರೆ ಹೊಸ ಒಡಂಬಡಿಕೆ, ಮುಚ್ಚಿದ ಪುಸ್ತಕವೆಂದರೆ ಇನ್ನೂ ನೆರವೇರದ ಪ್ರವಾದನೆ, ಇತ್ಯಾದಿ. ಮಧ್ಯಯುಗದ ಶಿಲ್ಪಗಳಿಗೆ ಈ ನಿಯಮ ಬಹಳಮಟ್ಟಿಗೆ ಹೊಂದುತ್ತದೆ. ಆದರೆ 1508ರಿಂದ 1512ರ ನಡುವೆ ಮೈಕೆಲೇಂಜೆಲೊ ಬರೆದ, ವ್ಯಾಟಿಕನ್ನಿನ ಸಿಸ್ಟೈನ್ ಪ್ರಾರ್ಥನಾಮಂದಿರದ ಚಾವಣಿಗೆ ಬಂದರೆ ಅಲ್ಲಿ ಯೋವೇಲನ ಕೈಯಲ್ಲಿ ಸುರುಳಿ, ಜೆಕರ್ಯನ ಕೈಯಲ್ಲಿ ಕಟ್ಟಿದ ಪುಸ್ತಕ, ಪುಸ್ತಕದೊಳಗೆ ಬೆರಳಿಟ್ಟ ಯೆಶಾಯ. ಎಲ್ಲರೂ ಹಳೆಯ ಒಡಂಬಡಿಕೆಯವರೇ. ವೆನಿಸ್ಸಿನಲ್ಲಿ ಕಾರ್ಪಾಚೋ 1502ರ ಸುಮಾರಿಗೆ ಬರೆದ, ಪುಸ್ತಕಗಳಿಂದ ತುಂಬಿದ ಕೋಣೆಯ ಸಂತನನ್ನು ಬಹುಕಾಲ ಜೆರೋಮ್ ಎಂದೇ ತಿಳಿಯಲಾಗಿತ್ತು. ವಿದ್ವಾಂಸ ಸಂತ, ಪುಸ್ತಕದ ಕೋಣೆ, ಆದ್ದರಿಂದ ಜೆರೋಮ್ ಎಂಬ ತರ್ಕ. ಅದು ಆಗಸ್ಟೀನನೆಂದೂ, ಜೆರೋಮನಿಗೆ ಪತ್ರ ಬರೆಯಲು ಕುಳಿತಾಗ ಬೆಳಕಿನೊಡನೆ ಅವನ ದನಿ ಕೇಳಿ, ಜೆರೋಮ್ ತೀರಿಕೊಂಡದ್ದನ್ನು ಅರಿತ ಕ್ಷಣವೆಂದೂ 1959ರಲ್ಲಷ್ಟೇ ತೋರಿಸಿಕೊಡಲಾಯಿತು. ಕೋಶದಲ್ಲಿ ‘ಪುಸ್ತಕ’ ಎಂಬ ನಮೂದನ್ನು ನೋಡಿದ್ದರೆ ಇದು ಎಂದೂ ಸಿಗುತ್ತಿರಲಿಲ್ಲ; ಬರೆಯುತ್ತಿದ್ದ ಕೈ ತಡೆದು, ಮುಖ ಕಿಟಕಿಯತ್ತ ತಿರುಗಿರುವುದನ್ನು ಗಮನಿಸಬೇಕಿತ್ತು.

ಎರಡನೆಯ ದಾರಿ ಹೆಚ್ಚು ಮೋಹಕವಾದದ್ದು. ನೆದರ್‌ಲ್ಯಾಂಡ್ಸ್ ಸೀಮೆಯ 15ನೆಯ ಶತಮಾನದ ಚಿತ್ರಗಳಲ್ಲಿ ದಿನಬಳಕೆಯ ವಸ್ತುಗಳೇ ಮಾರುವೇಷದಲ್ಲಿರುವ ಸಂಕೇತಗಳು ಎಂದು ಕಲಾ ಇತಿಹಾಸಕಾರ ಎರ್ವಿನ್ ಪನೋಫ್‌ಸ್ಕಿ ವಾದಿಸಿದರು. ರಾಬರ್ಟ್ ಕಾಂಪಿನನ ಕಾರ್ಯಾಗಾರದಿಂದ ಬಂದ, ಈಗ ನ್ಯೂಯಾರ್ಕಿನಲ್ಲಿರುವ ಮೆರೋಡ್ ಪೀಠಚಿತ್ರ ಅದಕ್ಕೆ ಹೇಳಿ ಮಾಡಿಸಿದಂತಿದೆ. ಮರಿಯಳು ಬಿಳಿಯ ಬಟ್ಟೆ ಸುತ್ತಿದ ಪುಸ್ತಕವನ್ನು ಓದುತ್ತಿದ್ದಾಳೆ, ಮೇಜಿನ ಮೇಲೆ ಇನ್ನೊಂದು ಪುಸ್ತಕದ ಹಾಳೆಗಳು ಗಾಳಿಗೆ ಎದ್ದಿವೆ, ಪಕ್ಕದಲ್ಲಿ ಸುರುಳಿಯೊಂದಿದೆ, ಆಗತಾನೇ ಆರಿದ ಬತ್ತಿಯಿಂದ ಹೊಗೆ ಏಳುತ್ತಿದೆ. ಸುರುಳಿ ಹಳೆಯ ಒಡಂಬಡಿಕೆ, ಪುಸ್ತಕ ಹೊಸದು ಎಂಬ ವ್ಯಾಖ್ಯಾನ ಇಲ್ಲಿ ಸೊಗಸಾಗಿಯೇ ಕೂಡುತ್ತದೆ. ತೊಂದರೆಯೆಂದರೆ ಈ ದಾರಿಯಲ್ಲಿ ನಿಲ್ಲುವುದು ಎಲ್ಲಿ ಎಂದು ಹೇಳುವವರಿಲ್ಲ. ಆ ಚಿತ್ರದಲ್ಲಿರುವ ಇಲಿಬೋನಿನವರೆಗೆ, ಮೊಳೆಯವರೆಗೆ ಎಲ್ಲವೂ ಸಂಕೇತವಾಗುತ್ತಾ ಹೋಗುತ್ತದೆ. ಆ ಬಟ್ಟೆ ಸುತ್ತುವುದು ಅಂದು ಬೆಲೆಬಾಳುವ ಪುಸ್ತಕಗಳಿಗೆ ಎಲ್ಲರೂ ಮಾಡುತ್ತಿದ್ದ ಏರ್ಪಾಡು, ಬೆವರಿದ ಕೈಯಿಂದ ಕಾಪಾಡಲು. ಅದರಲ್ಲಿ ಭಕ್ತಿಯೂ ಇರಬಹುದು, ಎಚ್ಚರವೂ ಇರಬಹುದು. ಸಭೆಯಲ್ಲಿ ‘ಹೀಗೂ ಓದಬಹುದು’ ಎನ್ನಿ, ‘ಇದರ ಅರ್ಥ ಇದೇ’ ಎನ್ನಬೇಡಿ.

ಮೂರನೆಯದು ಅಕ್ಷರವನ್ನೇ ಓದುವುದು. ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಇಲ್ಲ. ಬೊತ್ತಿಚೆಲ್ಲಿಯ ದುಂಡು ಚಿತ್ರವೊಂದರಲ್ಲಿ ಮರಿಯಳು ಓದುವುದನ್ನು ಬಿಟ್ಟು ಬರೆಯುತ್ತಿದ್ದಾಳೆ. ದೇವದೂತನೊಬ್ಬ ಹಿಡಿದ ದವತಿಯಲ್ಲಿ ಲೇಖನಿ ಅದ್ದುತ್ತಿದ್ದಾಳೆ. ಬಲಪುಟದಲ್ಲಿರುವುದು ‘ಮ್ಯಾಗ್ನಿಫಿಕಾಟ್’, ಲೂಕನಲ್ಲಿ ಅವಳೇ ಹಾಡಿದ ಸ್ತುತಿ. ಎಡಪುಟದಲ್ಲಿ ಸ್ನಾನಿಕ ಯೋಹಾನನ ತಂದೆ ಜಕರೀಯನ ಸ್ತುತಿ. ಅಕ್ಷರ ಓದದಿದ್ದರೆ ‘ವಿದ್ಯಾವಂತ ತಾಯಿ’ ಎಂದು ಹೇಳಿ ಮುಗಿಸುತ್ತಿದ್ದೆವು. ಓದಿದ ಮೇಲೆ ಅವಳು ತನ್ನ ಹಾಡನ್ನು ತಾನೇ ಬರೆಯುತ್ತಿರುವ ಕವಿಯಾದಳು. ಇದು 1480ರ ದಶಕದ ಚಿತ್ರವೆಂಬುದನ್ನೂ ನೆನಪಿಡಿ. ಇಟಲಿಗೆ ಮುದ್ರಣ ಬಂದು ಆಗಲೇ ಸುಮಾರು ಎರಡು ದಶಕ ಕಳೆದಿತ್ತು, ಬೊತ್ತಿಚೆಲ್ಲಿ ಮಾತ್ರ ಕೈಬರಹವನ್ನೇ ಆರಿಸಿಕೊಂಡ.

ಈ ದಾರಿಯ ಅಪಾಯಗಳು ತಾಂತ್ರಿಕವಾದವು. ಲ್ಯಾಟಿನ್ ಲಿಪಿಕಾರರು ಪದಗಳನ್ನು ಕುಗ್ಗಿಸಿ ಮೇಲೊಂದು ಗೆರೆ ಎಳೆಯುತ್ತಿದ್ದರು. ವಾನ್ ಐಕನ ಚಿತ್ರದಲ್ಲೂ ‘ಗ್ರಾತ್ಸಿಯಾ’ ಎಂಬುದು ಮೂರೇ ಅಕ್ಷರಗಳಲ್ಲಿದೆ. ಇದನ್ನು ತಿಳಿಯದವರಿಗೆ ಅದು ಸಂಕೇತಲಿಪಿಯಂತೆ ಕಾಣುತ್ತದೆ, ಗುಪ್ತ ಸಂದೇಶದ ಕಥೆಗಳಲ್ಲಿ ಎಷ್ಟೋ ಹುಟ್ಟುವುದು ಹೀಗೆಯೇ. ಎರಡನೆಯದಾಗಿ, ಚಿನ್ನದ ಅಕ್ಷರಗಳು ಚಿತ್ರದ ಮೇಲ್ಪದರದಲ್ಲಿರುವುದರಿಂದ ಶತಮಾನಗಳ ಒರೆಸುವಿಕೆಯಲ್ಲಿ ಮೊದಲು ಸವೆಯುವುದು ಅವೇ. ಸವೆದದ್ದನ್ನು ಮುಂದಿನವರು ಮತ್ತೆ ಬರೆದಿರಬಹುದು. ಮೊಬೈಲಿನಲ್ಲಿ ತೆಗೆದ ಫೋಟೊ ನೋಡಿ ಒಂದು ಅಕ್ಷರದ ಮೇಲೆ ವಾದ ಕಟ್ಟಬೇಡಿ. ಸಂಗ್ರಹಾಲಯಗಳು ತಮ್ಮ ಜಾಲತಾಣಗಳಲ್ಲಿ ಇಟ್ಟಿರುವ ದೊಡ್ಡ ಪ್ರತಿಗಳನ್ನೂ ಅದರೊಡನೆ ಕೊಟ್ಟಿರುವ ವಿವರಗಳನ್ನೂ ನೋಡಿ.

ನನ್ನ ಸಲಹೆ ಕೇಳಿದರೆ, ಚಿತ್ರ ಮೊದಲು ಎಲ್ಲಿತ್ತು, ಅದರ ಮುಂದೆ ಯಾರು ನಿಲ್ಲುತ್ತಿದ್ದರ‍ು ಎಂಬಲ್ಲಿಂದ ಶುರುಮಾಡಿ, ಆಮೇಲೆ ಅಕ್ಷರದ ಮುಖ ನೋಡಿ, ಓದಬಹುದಾದರೆ ಓದಿ, ಸಂಕೇತದ ಮಾತನ್ನು ಕೊನೆಗೆ ಇಟ್ಟುಕೊಳ್ಳಿ. ಈ ದಾರಿಗೂ ಒಂದು ತೊಡಕಿದೆ: ಎಷ್ಟೋ ಚಿತ್ರಗಳು ತಮ್ಮ ಜಾಗವನ್ನು ಕಳೆದುಕೊಂಡಿವೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ರೋಹಿಯರ್ ವಾನ್ ಡೆರ್ ವೇಡನ್ ಬರೆದ, ಹಸಿರು ಉಡುಗೆಯಲ್ಲಿ ನೆಲದ ಮೇಲೆ ಕುಳಿತು ಓದುವ ಮಗ್ದಲದ ಮರಿಯಳಿದ್ದಾಳೆ (ಇವಳು ಯೇಸುವಿನ ತಾಯಿಯಲ್ಲ, ಶಿಷ್ಯೆ). ಹಿನ್ನೆಲೆಗೆ ಯಾರೋ ಬಳಿದಿದ್ದ ಕಂದು ಬಣ್ಣವನ್ನು 1955-56ರಲ್ಲಿ ತೆಗೆಯುವವರೆಗೆ ಅವಳು ಒಂಟಿಯಾಗಿ ಓದುವವಳಂತೆ ಕಾಣುತ್ತಿದ್ದಳು. ಬಣ್ಣ ತೆಗೆದಾಗ ಹಿಂದೆ ಬೇರೆಯವರ ಉಡುಗೆಗಳು, ಕಿಟಕಿ, ಅದರಾಚೆ ನದಿ ಕಂಡವು. ದೊಡ್ಡ ಪೀಠಚಿತ್ರವೊಂದನ್ನು ಕತ್ತರಿಸಿದ ತುಂಡು ಅದು. ಅದೇ ಚಿತ್ರದ್ದೆಂದು ತಿಳಿಯುವ ಯೋಸೇಫನ ತಲೆ ಲಿಸ್ಬನ್ನಿನಲ್ಲಿದೆ. ಅವಳು ಏಕಾಂತದಲ್ಲಿ ಓದುತ್ತಿರಲಿಲ್ಲ, ಸಂತರು ತುಂಬಿದ ಕೋಣೆಯಲ್ಲಿ ಎಲ್ಲರನ್ನೂ ಮರೆತು ಓದುತ್ತಿದ್ದಳು. ಇಡೀ ಚಿತ್ರ ಉಳಿದಿದ್ದರೆ ನಾವು ಅವಳ ಬಗ್ಗೆ ಇನ್ನೂ ಏನೇನು ಹೇಳುತ್ತಿದ್ದೆವೋ ಎಂಬ ನೋವು ಆ ಚಿತ್ರದ ಮುಂದೆ ನಿಂತಾಗಲೆಲ್ಲ ನನ್ನನ್ನು ಕಾಡುತ್ತದೆ.

ಕೊನೆಗೆ, ನಿಮ್ಮ ಮಗಳ ಪ್ರಶ್ನೆ. ಅದು ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಹೆಚ್ಚಿನ ಚಿತ್ರಗಳಲ್ಲಿ ಪುಟದ ಮೇಲಿರುವುದು ಸಾಲುಗಳ ಆಭಾಸ ಮಾತ್ರ; ಆ ದೂರದಿಂದ ಯಾವ ಪುಸ್ತಕವನ್ನೂ ನಾವು ಓದಲಾರೆವಲ್ಲ. ಪಲೆರ್ಮೋದಲ್ಲಿರುವ ಆಂತೊನೆಲ್ಲೋ ದಾ ಮೆಸ್ಸೀನಾನ ಚಿತ್ರದಲ್ಲಿ ದೇವದೂತನೇ ಇಲ್ಲ. ನೀಲಿ ಹೊದಿಕೆಯ ಮರಿಯಳು ಒಂದು ಕೈ ಮುಂದೆ ಚಾಚಿದ್ದಾಳೆ, ಪುಸ್ತಕದ ಹಾಳೆಯೊಂದು ತಾನಾಗಿ ಎದ್ದು ನಿಂತಿದೆ, ಅದು ಯಾವ ಪುಟವೆಂದು ನಮಗೆ ತಿಳಿಸುವ ಇಚ್ಛೆ ಚಿತ್ರಕಾರನಿಗೆ ಇದ್ದಂತಿಲ್ಲ. ಆದರೆ ಫ್ರಾನ್ಸಿನ ಕೊಲ್ಮಾರ್ ಪಟ್ಟಣದಲ್ಲಿ ಗ್ರ್ಯೂನೆವಾಲ್ಡ್ 1512ರಿಂದ 1516ರ ನಡುವೆ ಬರೆದ ಈಸೆನ್‌ಹೈಮ್ ಪೀಠಚಿತ್ರವಿದೆ. ಅದರ ಮಂಗಳವಾರ್ತೆಯಲ್ಲಿ ಮರಿಯಳ ಮುಂದಿನ ಪುಸ್ತಕ ನಮ್ಮ ಕಡೆಗೆ ತೆರೆದಿದೆ, ಅಕ್ಷರ ದೊಡ್ಡದಾಗಿದೆ, ಓದಲು ಬರುತ್ತದೆ: ಯೆಶಾಯನ 7ನೆಯ ಅಧ್ಯಾಯದ 14ನೆಯ ವಚನ, ‘ಇಗೋ, ಕನ್ಯೆಯು ಗರ್ಭವತಿಯಾಗಿ ಮಗನನ್ನು ಹೆರುವಳು’. ಮೇಲೆ ಕಮಾನಿನ ಮೂಲೆಯಲ್ಲಿ ಯೆಶಾಯನೂ ತನ್ನ ಪುಸ್ತಕ ಹಿಡಿದು ನಿಂತಿದ್ದಾನೆ. ತನ್ನ ಕುರಿತಾದ ವಾಕ್ಯ ಎಂದು ತಿಳಿಯದೆ ಅವಳು ಆ ಸಾಲನ್ನು ಓದುತ್ತಿದ್ದಾಗಲೇ ಬಾಗಿಲಲ್ಲಿ ದೇವದೂತನು ಬಂದ ಎಂಬುದು ಹಳೆಯ ವ್ಯಾಖ್ಯಾನಕಾರರ ಕಲ್ಪನೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಪುಟವನ್ನು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿ. ‘ಎಕ್ಕೇ ವಿರ್ಗೋ’ (‘ಇಗೋ, ಕನ್ಯೆ’) ಎಂಬ ಎರಡು ಪದಗಳನ್ನು ಹುಡುಕಲು ಅವಳಿಗೇ ಹೇಳಿ.